ನೊರೆ ಗಟ್ಟಿಯಾಗೋವರೆಗೆ

...ಇಲ್ಲ ಭಾವ, ನಗಬೇಡಿ. ನೀವು ನಕ್ಕರೆ ನನಗೂ ನಗು ಬರುತ್ತೆ, ನಾನು ಅಲುಗಾಡಿದ್ರೆ ಸೀಟು ಕೆಡುತ್ತೆ, ಆಮೇಲೆ ಮತ್ತೆ ಮೊದಲಿಂದ. ಈಗಾಗಲೇ ಮೂರನೇ ಸೀಟು ಇದು. ನನ್ನ ಬೆನ್ನಿನ ಅಚ್ಚು ತೆಗೆದು ತೆಗೆದು ಈ ಟೀಮಿನವರಿಗೆ ಸಾಕಾಗಿ ಹೋಗಿದೆ.

ಹಾಂ, ಆ ಸೀಟಿನ ನೊರೆ ಸುರೀರಿ. ಬೆನ್ನ ಹಿಂದಿನ ಚೀಲಕ್ಕೇ ಸುರೀರಿ... ಅಬ್ಬ, ಎಷ್ಟು ಬಿಸಿ! ಉಬ್ತಾ ಇದೆ. ಪಕ್ಕೆಗೆ ಬಂತು, ಸೊಂಟಕ್ಕೆ ಬಂತು... ಸಾಕು, ಸಾಕು. ಇನ್ನು ಈ ನೊರೆ ನನ್ನ ಮೈಯ ಅಚ್ಚಿಗೆ ಗಟ್ಟಿಯಾಗೋವರೆಗೆ ಉಸಿರು ಬಿಟ್ಟರೂ ಮೆಲ್ಲಗೆ ಬಿಡಬೇಕು. ತಲೆಗೆ ಹೆಲ್ಮೆಟ್, ಕೈಯಲ್ಲಿ ಸ್ಟೀರಿಂಗು, ಅಂಗಡಿ ಮುಂದಿನ ಗೊಂಬೆ ಥರ. ಈ ರೇಸು ಕಾರಿಗೆ ಚಕ್ರ ಇಲ್ಲ, ಮೂತಿ ಬಿಚ್ಚಿಟ್ಟಿದ್ದಾರೆ, ನಾಲ್ಕು ಕಂಬದ ಮೇಲೆ ಕೂತಿದೆ. ಆದರೂ ನಿಜ ಹೇಳ್ತೀನಿ, ಈ ವರ್ಷ ನಾನು ನೆಮ್ಮದಿಯಾಗಿ ಕಾರಲ್ಲಿ ಕೂತಿರೋದು ಇವತ್ತೇ.

ಟೀಮಿನವರಾ? ಊಟಕ್ಕೆ ಹೋದ್ರು. ಬೇಕು ಅಂತಲೇ ಒಟ್ಟಿಗೆ ಹೋದ್ರು ಅನ್ಸುತ್ತೆ. ನಿಮ್ಮನ್ನ ಕರೆಸಿದ್ದಕ್ಕೆ ಅವರಿಗೆ ಉರಿ. ನಾನೇ ಹಟ ಹಿಡಿದೆ... ನನ್ನ ಅಕ್ಕನ ಗಂಡ ಬಂದು ಸೀಟು ಮಾಡಲಿ, ಆಮೇಲೆ ನೋಡಿ ನನ್ನ ಓಟ ಅಂದೆ. ಟೀಮಿನ ಯಜಮಾನರು ಹುಬ್ಬೇರಿಸಿದ್ರು. ನಿಮ್ಮ ಭಾವ ಎಂಜಿನಿಯರಾ ಅಂತ ಕೇಳಿದ್ರು. ಅಲ್ಲ ಸಾರ್, ಸ್ಕೂಟರ್ ಸೀಟು ಹೊಲೀತಾರೆ ಅಂದೆ. ಅವರ ಮುಖ ನೀವು ನೋಡಬೇಕಿತ್ತು.

ಮತ್ತೆ ನಗ್ತೀರಲ್ಲ! ಸುಳ್ಳಾ ಹೇಳಿ? ನನ್ನ ಮೊದಲ ಗೋ-ಕಾರ್ಟಿಗೆ, ಆ ಪುಟ್ಟ ರೇಸು ಗಾಡಿಗೆ, ಊಟದ ಕೋಣೆಯ ಕುರ್ಚಿ ಕತ್ತರಿಸಿ ಕೂರಿಸಿದ್ದು ಯಾರು? ಗರಗಸ ಜಾರಿ ನಿಮ್ಮ ಕೈಯ ಹೆಬ್ಬೆರಳಿನ ಉಗುರು ಸೀಳಿ ಹೋಯ್ತು, ಇವತ್ತಿಗೂ ಅದು ಸೊಟ್ಟಕ್ಕೇ ಬೆಳೆಯುತ್ತೆ. ಅಕ್ಕ ಉಗುರಿಗೆ ಬಟ್ಟೆ ಕಟ್ಟಿದಳು, ಕಟ್ಟಿ ಮುಗಿಸಿ ಕುರ್ಚಿಗೆ ಬೈದಳು. ಆಮೇಲೆ ಮನೆಗೆ ಯಾರೇ ನೆಂಟರು ಬಂದ್ರೂ ನೀವು ನೆಲದ ಮೇಲೆ. ಆ ಕುರ್ಚಿಯಲ್ಲಿ ಕೂತು ನಾನು ಊರಿನ ಎಲ್ಲ ಹುಡುಗರನ್ನೂ ಹಿಂದೆ ಹಾಕಿದೆ ಭಾವ. ಎಲ್ಲರನ್ನೂ.

ಈಗ... ಈಗ ನೋಡಿ.

ಇಲ್ಲಿ ಸೇರಿದ ದಿನ ಗೇಟಿನ ಪಕ್ಕ ನನ್ನ ಮುಖ ಹಾಕಿದ್ರು, ಗೋಡೆ ಅಗಲಕ್ಕೆ. ಈಗ ಆ ಮುಖದ ಕೆಳಗೇ ನಿಂತು ಕಾವಲಿನವನು ನನ್ನ ಕಾರ್ಡ್ ಕೇಳ್ತಾನೆ. ಹಳೇ ಟೀಮಲ್ಲಿ ಡಬ್ಬಾ ಕಾರು ಓಡಿಸಿ ಗೆದ್ದವನು ನಾನು. ಇಲ್ಲಿ ಬಂಗಾರದಂಥ ಕಾರು ಕೊಟ್ಟಿದ್ದಾರೆ, ಕೊನೆಯಿಂದ ಎಣಿಸಿದ್ರೆ ಬೇಗ ಸಿಗ್ತೀನಿ. ನನ್ನ ಜೊತೆಗಾರ ಇದ್ದಾನಲ್ಲ, ಅವನದೂ ಇದೇ ಕಾರು, ಇದೇ ಟೈರು. ಅವನು ಮುಂದಿನ ಸಾಲಲ್ಲಿ. ಪಾಪ, ಒಳ್ಳೆಯವನು. ಮೊದಮೊದಲು ಬಂದು ಬೆನ್ನು ತಟ್ಟುತ್ತಿದ್ದ. ಈಗ ನಾನು ಬಂದ್ರೆ ಶೂ ದಾರ ಕಟ್ಟಿಕೊಳ್ಳೋಕೆ ಬಗ್ತಾನೆ. ನನ್ನ ಮುಖ ನೋಡೋಕೆ ಅವನಿಗೇ ಕಷ್ಟ.

ಎಲ್ಲಿ ಸೋಲ್ತಿದ್ದೀನಿ ಅಂತಲಾ? ಬ್ರೇಕಲ್ಲಿ. ಪ್ರತಿ ತಿರುವಲ್ಲೂ ಬ್ರೇಕಲ್ಲೇ. ಈ ಕಾರಲ್ಲಿ ಬಲಗಾಲು ಓಡಿಸೋಕೆ, ಎಡಗಾಲು ನಿಲ್ಲಿಸೋಕೆ. ಬ್ರೇಕ್ ಒಂದೇ ಏಟಿಗೆ ತುಳೀಬೇಕು, ಆಮೇಲೆ ಸ್ವಲ್ಪ ಸ್ವಲ್ಪವೇ ಬಿಡಬೇಕು... ನಿದ್ದೆ ಹೋದ ಮಗುವಿನ ತಲೆಯಡಿಯಿಂದ ಕೈ ತೆಗೀತೀವಲ್ಲ, ಹಾಗೆ. ಒಂಚೂರು ಹೆಚ್ಚಾದ್ರೆ ಚಕ್ರ ಕಚ್ಚಿಕೊಳ್ಳುತ್ತೆ, ಒಂಚೂರು ಕಮ್ಮಿಯಾದ್ರೆ ನೇರ ಗೋಡೆಗೆ. ಅದೆಲ್ಲ ಪಾದಕ್ಕೇ ತಿಳೀಬೇಕು. ತಲೆ ಯೋಚನೆ ಮಾಡೋಕೆ ಹೊರಟ್ರೆ ತಿರುವು ಮುಗಿದಿರುತ್ತೆ. ನಾನು ಈಗ ಯೋಚನೆ ಮಾಡ್ತೀನಿ ಭಾವ. ತಿರುವು ಎಷ್ಟು ದೂರ ಅಂತ ಪಕ್ಕದಲ್ಲಿ ಹಾಕಿರೋ ಬೋರ್ಡು ನೋಡಿ ತುಳೀತೀನಿ, ಟೈರಿನ ಸದ್ದು ಕೇಳಿ ಬಿಡ್ತೀನಿ. ಹೊಸದಾಗಿ ಸೈಕಲ್ ಕಲಿಯೋರ ಹಾಗೆ.

ಅದಕ್ಕೇ ಹೇಳಿದ್ದು, ದೋಷ ಕಾರಿನದ್ದೇ ಅಂತ. ಪೆಡಲ್ ಮುಂದಕ್ಕೆ ಮಾಡಿಸಿದೆ, ಹಿಂದಕ್ಕೆ ಮಾಡಿಸಿದೆ. ಬ್ರೇಕ್ ಪೂರ್ತಿ ಬದಲಾಯಿಸಿದ್ರು. ಬ್ರೇಕ್ ನೋಡ್ಕೊಳ್ಳೋ ಮೆಕ್ಯಾನಿಕ್ ಹೆಂಗಸು ಅತ್ತೇಬಿಟ್ರು ಮೊನ್ನೆ. ನನ್ನ ಕೆಲಸದಲ್ಲಿ ತಪ್ಪಿದ್ರೆ ತೋರಿಸಿಬಿಡಪ್ಪ ಅಂದ್ರು. ನಾನೇನು ತೋರಿಸಲಿ? ಸೀಟು ಸರಿಯಿಲ್ಲ ಅಂದೆ. ಸರಿಯಿಲ್ಲ ಕೂಡ. ಸೊಂಟ ಒತ್ತುತ್ತೆ, ಅದರಿಂದ ಕಾಲು... ಏನಿಲ್ಲ. ಕಾಲಿಗೇನಾಗಿದೆ? ಚೆನ್ನಾಗೇ ಇದೆ.

ಯಾಕೆ ಹಾಗೆ ನೋಡ್ತಿದ್ದೀರಿ?

ಓ... ನಿನ್ನೆಯ ಚಪ್ಪಲಿ ವಿಷಯ. ಅಯ್ಯೋ ಭಾವ, ನಿದ್ದೆಗಣ್ಣು. ಮಹಡಿ ಮೆಟ್ಟಿಲಲ್ಲಿ ಎಡಗಾಲಿನ ಚಪ್ಪಲಿ ಬಿಟ್ಟು ಬಂದೆ, ಒಂದೇ ಚಪ್ಪಲಿಯಲ್ಲಿ ಕಾಫಿಗೆ ಬಂದು ಕೂತೆ. ಅಕ್ಕ ಹೊಟ್ಟೆ ಹಿಡ್ಕೊಂಡು ನಕ್ಕಳಲ್ಲ. ನೀವು ಮಾತ್ರ ನಗಲಿಲ್ಲ. ನೀವು ಎದ್ದು ಹೋಗಿ ಚಪ್ಪಲಿ ತಂದು ಕಾಲ ಹತ್ತಿರ ಇಟ್ರಿ. ಅಷ್ಟಕ್ಕೆಲ್ಲ ತಲೆ ಕೆಡಿಸಿಕೊಂಡ್ರೆ ಹೇಗೆ?

ಕಾರು ಗೋಡೆಗೆ ಗುದ್ದಿಸಿದ್ದಾ? ಅದು ಸೀಸನ್ ಶುರುವಾಗೋಕೆ ಮುಂಚೆ, ಅಭ್ಯಾಸದಲ್ಲಿ. ಡಾಕ್ಟರು ನೋಡಿದ್ರಲ್ಲ. ಕಾಲು ಆಡಿಸು ಅಂದ್ರು, ಆಡಿಸಿದೆ. ಬೆರಳು ಮಡಿಸು ಅಂದ್ರು, ಮಡಿಸಿದೆ. ಅಷ್ಟೇ ಅವರು ಕೇಳಿದ್ದು. ಕೇಳಿದ್ದಕ್ಕೆಲ್ಲ ಸರಿಯಾಗೇ ಉತ್ತರ ಕೊಟ್ಟಿದ್ದೀನಿ.

ಈ ಭಾನುವಾರದ ರೇಸು ಒಂದೇ ಉಳಿದಿರೋದು ಭಾವ. ಯಜಮಾನರು ಬಾಯಿಬಿಟ್ಟು ಹೇಳಿಬಿಟ್ರು, ಈ ಭಾನುವಾರ ನೋಡ್ತೀನಿ, ಆಮೇಲೆ ನನ್ನ ಕೈಲಿಲ್ಲ ಅಂತ. ಬೇರೆಯವನನ್ನ ತಯಾರು ಮಾಡಿ ಇಟ್ಕೊಂಡಿದ್ದಾರೆ. ನನ್ನ ಅಳತೆಯ ಬಟ್ಟೆಗೇ ಅವನ ಹೆಸರು ಹೊಲಿಸಿದ್ರೂ ಆಶ್ಚರ್ಯ ಇಲ್ಲ. ಏನು ಮಾಡಲಿ ಹೇಳಿ? ನನಗೆ ಬೇರೆ ಕೆಲಸ ಬರಲ್ಲ. ಓದಲಿಲ್ಲ, ನಿಮ್ಮ ಅಂಗಡಿಯಲ್ಲಿ ಕೂತ್ಕೋ ಅಂದ್ರಿ, ಕೂರಲಿಲ್ಲ. ಈ ಒಂದು ಹಾಳು ಕಾರು ಬಿಟ್ರೆ...

ಎಲ್ಲಿಗೆ ಹೊರಟ್ರಿ? ಮುಂದಕ್ಕಾ? ಯಾಕೆ? ಹಿಮ್ಮಡಿ ಸರಿಯಾಗಿ ಕೂತಿದೆಯಾ ಅಂತ ನೋಡೋಕಾ... ನೋಡಿ, ನೋಡಿ. ಮೂತಿ ಬಿಚ್ಚಿದ್ದಾರಲ್ಲ, ಅಲ್ಲಿಂದಲೇ ಕೈ ಹಾಕಬಹುದು, ಶೂ ಕೂಡ ಹಾಕಿಲ್ಲ ನಾನು. ನನಗಂತೂ ಸ್ಟೀರಿಂಗಿನಿಂದಾಚೆ ಏನೂ ಕಾಣಲ್ಲ. ಹೆಲ್ಮೆಟ್ಟಲ್ಲಿ ಸರಿಯಾಗಿ ಕೇಳಿಸೋದೂ ಇಲ್ಲ.

ಓಹೋ, ಬೆರಳು ಹಿಡೀತೀರಾ? ಯಾವ ಬೆರಳು ಅಂತ ನಾನು ಹೇಳಬೇಕಾ? ಚಿಕ್ಕ ಮಕ್ಕಳ ಆಟ. ಆಯ್ತು. ಬಲಗಾಲು, ಹೆಬ್ಬೆರಳು. ಈಗ ಕಿರುಬೆರಳು. ಈಗ ಅಂಗಾಲು... ಅಯ್ಯೋ ಭಾವ, ಕಚಗುಳಿ! ಬಿಡಿ, ಬಿಡಿ, ಸೀಟು ಹಾಳಾಗುತ್ತೆ!

ಆಯ್ತಲ್ಲ. ಇನ್ನೇನು, ಬಂದುಬಿಡಿ.

...ಎಡಗಾಲೂ ನೋಡ್ತೀರಾ? ಅದೂ ಹಾಗೇ ಇದೆ. ಸರಿ, ನಿಮ್ಮ ಸಮಾಧಾನಕ್ಕೆ. ಹೂಂ... ಹೆಬ್ಬೆರಳು. ಅಲ್ವಾ? ಮೆತ್ತಗೆ ಹಿಡಿದಿದ್ದೀರಿ, ಆದರೂ ಗೊತ್ತಾಯ್ತು. ಈಗ... ನಡುವಿನ ಬೆರಳು. ಈಗ ಅಂಗಾಲು ಒತ್ತುತ್ತಿದ್ದೀರಿ. ಹಾಂ, ಹಾಂ, ಗೊತ್ತಾಗ್ತಿದೆ. ನೋಡಿದ್ರಾ? ಸುಮ್ಮನೆ ಹೆದರಿದ್ರಿ. ಭಾನುವಾರ ಅಕ್ಕನ್ನ ಮೊದಲನೇ ತಿರುವಿನ ಹತ್ತಿರ ಕೂರಿಸಿ. ಅಲ್ಲಿ ಎಲ್ಲರೂ ಬ್ರೇಕ್ ತುಳಿದ ಮೇಲೆ ನಾನು ತುಳೀತೀನಿ, ಮೊದಲಿನ ಹಾಗೆ. ಅವಳು ಕಣ್ಣು ಮುಚ್ಚಿಕೊಳ್ತಾಳೆ, ನೀವು ಕೈ ಸರಿಸಿ ನೋಡು ಅನ್ನಿ... ಈಗ ಹಿಮ್ಮಡಿ. ಹಿಮ್ಮಡಿ ಹಿಡಿದಿದ್ದೀರಿ. ಇನ್ನೂ ಜೋರಾಗಿ ಒತ್ತಿ ಭಾವ, ಪರವಾಗಿಲ್ಲ. ಹಾಂ, ಹಾಗೆ. ಹಾಗೇ...

ಯಾರದು?

ಭುಜದ ಮೇಲೆ... ಯಾರು ಕೈ ಇಟ್ಟಿದ್ದು? ಊಟ ಆಯ್ತಾ ನಿಮ್ಮದೆಲ್ಲ? ಭಾವ, ಯಾರೋ ಹಿಂದೆ ನಿಂತಿದ್ದಾರೆ ನೋಡಿ. ಎರಡೂ ಭುಜದ ಮೇಲೆ ಎರಡೂ ಕೈ...

ಈ ಸೊಟ್ಟ ಉಗುರು...

ಭಾವ? ನೀವು ಯಾವಾಗ ಹಿಂದೆ ಬಂದ್ರಿ?

ಈಗ ತಾನೆ ಬಂದ್ರಿ, ಅಲ್ವಾ? ಹಿಮ್ಮಡಿ ಬಿಟ್ಟು ಈಗ ತಾನೆ... ಎಡಗಾಲು ಹಿಡಿದಿದ್ರಿ ತಾನೆ? ಒಂದು ಸಲವಾದ್ರೂ? ಹೆಬ್ಬೆರಳು?... ಭಾವ, ಬೈದುಬಿಡಿ. ನಾನು ತಿರುಗಿ ನಿಮ್ಮ ಮುಖ ನೋಡೋ ಹಾಗೂ ಇಲ್ಲ, ನೊರೆ ಇನ್ನೂ ಗಟ್ಟಿಯಾಗಿಲ್ಲ.

ಅಕ್ಕನಿಗೆ ಹೇಳಬೇಡಿ. ನಾನೇ ಹೇಳ್ತೀನಿ. ಯಜಮಾನರಿಗೂ... ಅವರು ಬರಲಿ, ನಾನೇ...

ಬೇಡ, ಬೇಡ, ಕೈ ತೆಗೀಬೇಡಿ. ಅಲ್ಲೇ ಇರಲಿ. ಅದು ಗೊತ್ತಾಗ್ತಿದೆ.