ಬೆಚ್ಚಗ ಐತಿ, ತಮ್ಮ

ನಗೂದಿದ್ರ ಈಗ ನಕ್ಕಬಿಡ್ರಿ. ಆಮ್ಯಾಲೆ ನಗು ಬರಂಗಿಲ್ಲ. ಇದು ಗಲ್ಫ್ ದೇಶದ ಅಲ್ ಖೋರಿನ್ಯಾಗ, ನಮ್ಮ ಬಾಜೂ ಮನಿ ಕಲ್ಮೇಶಗ ಆದ ಮಾತು. ಹೋದ ವರ್ಷದ ಜನವರಿ.

ಓವರ್‌ಟೈಮ್ ಮುಗಿಸಿ ಕಲ್ಮೇಶ ಕಂಪನಿ ಬಸ್ ಇಳಿದಾಗ ರಾತ್ರಿ ಹನ್ನೊಂದೂವರಿ. ಮನಿ ಹಾದ್ಯಾಗ ಒಂದು ಬಾರಿಗಿಡ, ಅದರ ಬುಡಕ ಹಳೇ ಬಾವಿ, ಮ್ಯಾಲೆ ತಗಡು ಮುಚ್ಚ್ಯಾರ. ಗಾಳಿಗೆ ತಗಡು ಬಡಕೊಳ್ತಿತ್ತು... ಢಬ್... ಢಬ್... ಬ್ಯಾರೆ ದಿನ ಆಗಿದ್ರ ಶಿವ ಶಿವಾ ಅಂತ ಓಡತಿದ್ದ. ಆವತ್ತು ಅವಗ ಬಾವಿ ಅಂಜಿಕಿ ಇರಲಿಲ್ಲ. ತನ್ನ ಮನಿ ಬಾಗಲಾ ತಗಿಯೂದ ಅಂಜಿಕಿ ಆಗಿತ್ತು. ಅಕ್ಕ ಸತ್ತು ಇಪ್ಪತ್ತು ದಿನ. ಊರಾಗ ಮಣ್ಣು ಮಾಡಿ, ದಿನಕರ್ಮ ಮುಗಿಸಿ, ಹಿಂದಿನ ದಿನ ತಿರುಗಿ ಬಂದಿದ್ದ.

ಅಕ್ಕ ಅಂದ್ರ ತಾಯವ್ವ. ಇವಗ ನಾಕು ವರ್ಷ ಇದ್ದಾಗ ಅವ್ವ ತೀರಿಕೊಂಡ್ಲು. ಅಕ್ಕ ತಾನು ಲಗ್ನಾ ಬ್ಯಾಡಂತ ಕುಂತು, ಮಂದಿ ಮನ್ಯಾಗ ರೊಟ್ಟಿ ಬಡದು, ಇವನ್ನ ಐಟಿಐ ಓದಿಸಿದಾಕಿ. "ಒಮ್ಮೆರ ನನ್ನ ಮನಿ ನೋಡ ಅಕ್ಕಾ" ಅಂತ ವಿಸಿಟ್ ವೀಸಾ ಮ್ಯಾಲೆ ನರಗುಂದದಿಂದ ಕರಸ್ಕೊಂಡಿದ್ದ.

ಅವನ ಮನಿ ಹಾಲ್ ಗ್ವಾಡಿಗೆ ಒಂದು ಶಾಣ್ಯಾ ಡಬ್ಬಿ ಐತಿ. ಬ್ಯಾಸಗ್ಯಾಗ ತಂಪು, ಥಂಡ್ಯಾಗ ಬಿಸಿ ಗಾಳಿ ಬಿಡೂ ಎಸಿಗೆ ಅದ ಯಜಮಾನ. ಕರೆಂಟ್ ಉಳಸಾಕ ಹಾಕಿಸಿದ್ದ. ಇವನ ಫೋನ್ ಮನಿಗೆ ಬಂತಂದ್ರ 'ಟಿಕ್' ಅಂತ ಹಸರ ದೀಪ, ಬಿಸಿ ಗಾಳಿ. ಫೋನ್ ಹೊರಗ ಹೋಗಿ, ಹಾಲಿನ್ಯಾಗ ಯಾರೂ ಅಡ್ಡಾಡಲಿಲ್ಲಂದ್ರ, ಮನಿ ಖಾಲಿ ಅಂತ ತಾನ ಬಂದ್.

ತಾಯವ್ವನ ಕಡೆ ಫೋನ್ ಇರಲಿಲ್ಲ. ಹಾಲಿನ್ಯಾಗ ಆಕಿ ಕುಂದರತಿದ್ದಿಲ್ಲ. ಮುಂಜಾನೆ ಅಡಗಿಮನಿ ಮೂಲ್ಯಾಗ, ಅಂಗೈಯಾಗ ಲಿಂಗ ಹಿಡಕೊಂಡು, ಅಲುಗಾಡದಂಗ ಪೂಜಿಗೆ ಕುಂದರಾಕಿ. ಆಮ್ಯಾಲೆ ಅಲ್ಲೇ ತಮ್ಮಗಂತ ಕೌದಿ ಹೊಲಿಯಾಕಿ. ಹಿಂಗಾಗಿ ಆ ಡಬ್ಬಿಗೆ ಆಕಿ ಮನ್ಯಾಗ ಇದ್ದದ್ದ ಗೊತ್ತಿಲ್ಲ. ದಿನಾ ಹತ್ತು ಹನ್ನೆರಡು ತಾಸು ಥಂಡಿ ಫರಸಿ ನೆಲದ ಮ್ಯಾಲೆ ಕುಂತಳು, ಪಾಪ.

ಸಂಜೀಕ ಕಲ್ಮೇಶ ಬರಾವ. ಟಿಕ್. "ಥಂಡಿ ಹತ್ತತೈತೇನ ಅಕ್ಕಾ?" ಅಂತ ದಿನಾ ಕೇಳಾವ, ಅದೇನ್ ಸುಳ್ಳಲ್ಲ. ಬಿಸಿ ಗಾಳಿ ಬೀಸೂವಾಗ ಕೇಳಿದ್ರ ಆಕಿ ಏನ್ ಅನಬೇಕ್ರಿ?

"ಬೆಚ್ಚಗ ಐತಿ, ತಮ್ಮ."

ದುಡದು ಬಂದ ಹುಡುಗಗ ಯಾಕ ತ್ರಾಸ ಅಂತ, ಹಗಲೆಲ್ಲಾ ನಡಗಿದ್ದು ಹೇಳಲೇ ಇಲ್ಲ. ಕೆಮ್ಮು ಬಂತು, ಮೆಣಸಿನ ಕಷಾಯ ಕುಡದು ಮುಚ್ಚಿಟ್ಲು. ನಿಮೋನಿಯಾ ಅಂತ ಗೊತ್ತಾದ ಮ್ಯಾಲೆ ದವಾಖಾನ್ಯಾಗ ಮೂರ ದಿನ ಇದ್ಲು.

ಮಣ್ಣು ಮಾಡಿದ ರಾತ್ರಿ ಕಲ್ಮೇಶ ಫೋನಿನ್ಯಾಗ ಆ ಡಬ್ಬಿಯ ದಿನಚರಿ ತಗದು ನೋಡಿದ. ದಿನಾ, ಮುಂಜಾನೆ ಐದರಿಂದ ಸಂಜಿ ಮಟ, ಒಂದ ಮಾತು: 'ಮನೆಯಲ್ಲಿ ಯಾರೂ ಇಲ್ಲ.' ಆಕಿ ಮನ್ಯಾಗ ಇದ್ದ ನಲವತ್ತು ದಿನಾನೂ ಹಂಗ ಬರದಿತ್ತು. "ನನ್ನ ಕೈಯಾರೆ ಕೊಂದ್ನಲ್ಲೋ ಅಕ್ಕನ್ನ" ಅಂತ ತಲಿ ಬಡಕೊಂಡು ಅತ್ತನಂತ.

ಈಗ ಆ ರಾತ್ರಿಗೆ ಬರ್ರಿ. ಆವತ್ತು ಅವನ ಕಡೆ ಫೋನ್ ಇರಲಿಲ್ಲ. ಅವ ಕೆಲಸ ಮಾಡೂ ಪ್ಲಾಂಟಿನೊಳಗ ಫೋನ್ ಬಿಡಂಗಿಲ್ಲ, ಲಾಕರಿನ್ಯಾಗ ಇಡಬೇಕು. ಬಸ್ ಡ್ರೈವರ್ ಅರಬ್ಬಿ ಮಾತಿನ್ಯಾಗ "ಯಲ್ಲಾ ಯಲ್ಲಾ", ನಡೀರಿ ನಡೀರಿ, ಅಂದ ಗಡಿಬಿಡ್ಯಾಗ ಅಲ್ಲೇ ಮರತು ಬಂದಿದ್ದ. ಅಂದಮ್ಯಾಲೆ ಮನಿ ಥಂಡಿ ಇರಬೇಕಾಗಿತ್ತು, ಹೌದಲ್ಲೋ?

ಬಾಗಲಾ ತಗದ... ಬಿಸಿ ಗಾಳಿ ಮಾರಿಗೆ ಬಡೀತು. ಗ್ವಾಡಿ ಮ್ಯಾಲೆ ಹಸರ ದೀಪ. ಅಡಗಿಮನಿ ಕತ್ತಲಾಗಿಂದ, ದಪ್ಪ ಬಟ್ಟಿಯೊಳಗಿಂದ ದಾರ ಜಗ್ಗೂ ಸಪ್ಪಳ... ಸರ್ರ್... ಸರ್ರ್...

"ಅಕ್ಕಾ...?"

ಸಪ್ಪಳ ನಿಂತಿತು.

ಅವ ಓಡಲಿಲ್ಲ. ಸಾಕಿದಾಕಿಗೆ ಯಾರರ ಅಂಜತಾರೇನು? ಅಲ್ಲೇ ಹೊಸ್ತಿಲದಾಗ ಕುಂತು, ಪಿಸುದನಿಲೆ ಕೇಳಿದ.

"ಈಗರ ಖರೇ ಹೇಳ, ಅಕ್ಕಾ. ಥಂಡಿ ಹತ್ತತಿತ್ತೇನ?"

ಎಸಿ ಅಷ್ಟ ಗುಂಯ್ ಅಂತಿತ್ತು...

"ಹತ್ತತಿತ್ತು, ತಮ್ಮ."

ಮರುದಿನ ಫೋನ್ ಸಿಕ್ಕಿದ್ದ ತಡ, ಆ ಡಬ್ಬಿಗೆ ಕೊಟ್ಟ ಮನ್ಯಾಗ ಇರಾವ್ರ ಪಟ್ಟ್ಯಾಗ ತನ್ನ ಹೆಸರಿನ ಕೆಳಗ 'ತಾಯವ್ವ' ಅಂತ ಹಾಕಿದ. ಅವತ್ತಿಂದ ಆ ಡಬ್ಬಿ ತಾನಾಗಿ ಬಂದ್ ಆಗಲಿಲ್ಲ. ಎಸಿ ರಿಪೇರಿ ಮಾಡೂ ಡ್ಯಾರೆಲ್, ಮಂಗಳೂರಾಂವ, ನೋಡಿ ಬೈದ.

"ಯಾರಿಲ್ಲದ ಮನೆಗೆ ಇಷ್ಟು ಕರೆಂಟ್ ಯಾಕೆ ಮಾರಾಯ್ರೆ?"

"ಅಕ್ಕ ಅದಾಳ," ಅಂದ ಕಲ್ಮೇಶ.

ಪಾಪ, ತಲಿ ಕೆಟ್ಟೈತಿ ಅಂತ ನಾವೂ ಅಂದ್ವಿ, ಸುಳ್ಳ್ಯಾಕ ಹೇಳ್ಲಿ. ಆದ್ರ ಈ ಜನವರ್ಯಾಗ ಡಬ್ಬಿ ಕೆಟ್ಟಿತು. ಡ್ಯಾರೆಲ್ ಕಳಚಿ ಒಯ್ದ, ನಾಕು ದಿನ ಬಿಸಿ ಗಾಳಿ ಖಲಾಸ್. ಐದನೇ ದಿನ ಹೊಸದು ಕೂಡಸಾಕ ಬಂದಾಗ ಕಲ್ಮೇಶ ಕೆಲಸಕ್ಕ ಹೋಗಿದ್ದ, ಕೀಲಿ ನನ್ನ ಕಡೆ ಇತ್ತು. ಬಾಗಲಾ ತಗದವ ನಾನ. ಮನಿ ತುಂಬ ಕೊರಿಯೂ ಥಂಡಿ. ಅಡಗಿಮನಿ ಮೂಲ್ಯಾಗ ತಾಯವ್ವ ಅರ್ಧಾ ಹೊಲಿದ ಕೌದಿ ಹಂಗ ಇತ್ತು. ಸರಸಬೇಕಂತ ಬಗ್ಗಿದೆ, ಫರಸಿಗೆ ಕೈ ಹತ್ತಿತು.

ನನ್ನ ಮಕ್ಕಳಾಣಿ, ಈ ಕೈಲೆ ಮುಟ್ಟೀನಿ. ಡ್ಯಾರೆಲ್ ಸುದ್ದಾ ಮುಟ್ಟ್ಯಾನ, ಬೇಕಾದ್ರ ಕೇಳ್ರಿ. ಸುತ್ತ ಫರಸಿ ಥಂಡಿ ಇತ್ತು. ಒಬ್ಬರು ಕುಂತಷ್ಟ ಜಾಗ ಬೆಚ್ಚಗಿತ್ತು.