ಎಳೆದರೆ ಇಳಿಯುವ ದೀಪ

ಗೋಕಾಕದ ಕರೆಂಟಿನ ಸಾಮಾನಿನ ಅಂಗಡಿಯಲ್ಲಿ ಬ್ಯಾಟರಿ ಸೆಲ್ಲಿಗೆಂದು ನಿಂತಿದ್ದ ಕಲ್ಲೋಳಿಯ ದುಂಡವ್ವನ ಬಾಜೂಕ್ಕೆ, ಗೊಂಬೆಗಾರ ಶಿದ್ರಾಮ ಹೆಂಡತಿ ಮಾಯವ್ವನೊಡನೆ ಬಂದು ನಿಂತ. ಅವರು ತಂದಿದ್ದ ತೂಗುದೀಪ ಎಳೆದರೆ ಇಳಿಯುತ್ತಿತ್ತು. ಮೇಲೆ ತಳ್ಳಿದರೆ ವಾಯರು ತಾನೇ ಸುತ್ತಿಕೊಳ್ಳುತ್ತಿತ್ತು.

“ಸಾವಕಾರ್ರ, ಇದು ಇನ್ನೂ ಕೆಳಗ ಬರೂಹಂಗ ಮಾಡ್ರಿ. ಗೊಂಬಿ ಹುಬ್ಬು ಬರ್ಯಾಕ ಬೆಳಕ ಸಾಲವಲ್ದು,” ಎಂದ ಶಿದ್ರಾಮ.

“ಮೂಗಿಗಿ ಹತ್ತೂಮಟ ಎಳಕೊಂಡ ಕುಂಡರತಾರ್ರಿ,” ಎಂದಳು ಮಾಯವ್ವ. “ಮನ್ನೆ ಹುಬ್ಬು ಹೋಗಿ ಗಲ್ಲದ ಮ್ಯಾಲ ಕುಂತಿತ್ತು.”

“ದೀಪದ ತಪ್ಪಿಗಿ ನನಗ್ಯಾಕ ಬೈತೀ?”

ಅಂಗಡಿಯವನು ದೀಪವನ್ನು ಕೊಂಡಿಗೆ ಹಾಕಿ, ಶಿದ್ರಾಮನ ಮುಖದ ಮುಂದಕ್ಕೆ ಎಳೆದು ಗುಂಡಿ ಒತ್ತಿದ. ಬಿಳಿಮೀಸೆಯ ಮೇಲೆಲ್ಲ ಬೆಳಕು ಬಿತ್ತು.

“ಹಚ್ಚರಿ ಮತ್ತ,” ಎಂದ ಶಿದ್ರಾಮ.

ಅಂಗಡಿಯವನು ಉರಿಯುತ್ತಿದ್ದ ದೀಪವನ್ನೂ ಮಾಯವ್ವನನ್ನೂ ನೋಡಿದ. ದುಂಡವ್ವ ಮನಸ್ಸಿನಲ್ಲೇ ಶಿವನನ್ನು ನೆನೆದಳು.

“ಕರೆಂಟ ಹೋಗೇತ್ರಿ,” ಎಂದಳು ಮಾಯವ್ವ.

ದೀಪ ಬಿಚ್ಚಿಕೊಳ್ಳಲೆಂದು ಶಿದ್ರಾಮ ಕೈ ಚಾಚಿದ. ಬಲ್ಬಿಗೆ ತಾಗಿದ ಬೆರಳು ಚುರ್ ಎಂದಿತು. ಮೆಲ್ಲಗೆ ಕೈ ಹಿಂದೆಗೆದ.

“ಹೌದ ಬಿಡು, ಕರೆಂಟ ಹೋಗೇತಿ,” ಎಂದ. “ದೀಪಾ ನೀ ಹಿಡಕೊ. ಇನ್ನ ಮ್ಯಾಲ ಹುಬ್ಬು ಬರ್ಯಾಕಿ ನೀನ.”

“ನೀವು ಬಾಜೂಕ ಕುಂಡರ್ರಿ. ನಾ ಬರೀತೇನಿ.”

ಅವಳ ಭುಜ ಹಿಡಿದುಕೊಂಡು ಅವನು ಮೆಟ್ಟಿಲಿಳಿದ.