ಮಂಡಿಯ ಬಾವು ಇಳಿದ ಮೇಲೆ

ನೋಡಿ, ಹತ್ತಿ ವ್ಯಾಪಾರದ ಒಂದು ಊರಿನಲ್ಲಿ ಮುರಿಗೆಪ್ಪ ಎಂಬ ಸಾಹುಕಾರನಿದ್ದ. ಒಬ್ಬಳೇ ಮಗಳು, ದಾನಮ್ಮ. ಹನ್ನೊಂದನೆಯ ವಯಸ್ಸಿನಲ್ಲಿ ಅವಳಿಗೆ ಗಂಟಲು ನೋವು ಬಂತು. ಎರಡು ವಾರದ ಮೇಲೆ ಜ್ವರ. ಮಂಡಿ ಬಾತುಕೊಂಡಿತು. ಅದು ಇಳಿಯುವಷ್ಟರಲ್ಲಿ ಮೊಣಕೈ ಬಾತಿತು.

ಡಾಕ್ಟರು ಪರೀಕ್ಷೆ ಮಾಡಿ ಹೇಳಿದರು: "ಸಾಹುಕಾರ್ರ, ಎಲ್ಲಾ ಕೀಲುನೋವೂ ಹೃದಯಕ್ಕ ಹೋಗಂಗಿಲ್ಲ. ಗಂಟಲ ನೋವಿನಿಂದ ಬಂದ ಈ ಜ್ವರ ಮಾತ್ರ ಹೃದಯಕ್ಕ ಹೋಗತೈತಿ. ಬಾವು ಇಳಿತೈತಿ, ಆದರ ಎದಿಯೊಳಗಿನ ಕವಾಟಕ್ಕ ಪೆಟ್ಟು ಬಿದ್ದೈತಿ. ಜ್ವರ ಮತ್ತ ಬಂದ್ರ ಪೆಟ್ಟು ಹೆಚ್ಚಾಗತೈತಿ. ಇಪ್ಪತ್ತೊಂದು ದಿನಕ್ಕೊಂದು ಇಂಜೆಕ್ಷನ್. ನಾನು ಸಾಕು ಅನ್ನೋತನಕ ಬಿಡಬ್ಯಾಡ್ರಿ."

ಮುರಿಗೆಪ್ಪ ಏಳು ವರ್ಷ ಕೊಡಿಸಿದ. ಮಗಳು ಓಡಿದಳು, ಕುಣಿದಳು, ಒಂದು ದಿನವೂ ನೋವು ಎನ್ನಲಿಲ್ಲ. ಅಷ್ಟರಲ್ಲಿ ಸಂಬಂಧಗಳು ಬರತೊಡಗಿದವು.

"ಇನ್ನ ದವಾಖಾನಿ ಸಾಕು" ಎಂದ ಹೆಂಡತಿಗೆ. "ಹುಡುಗಿಗೆ ಹಾರ್ಟಿನ ಜಡ್ಡು ಐತಿ ಅಂತ ಗೊತ್ತಾದ್ರ ಯಾರು ಮಾಡ್ಕೋತಾರ?"

"ಡಾಕ್ಟ್ರು ಬಿಡಬ್ಯಾಡ್ರಿ ಅಂದಿದ್ರಲ್ರೀ..."

"ನೋವೇ ಇಲ್ಲ. ಎಲ್ಲಿ ಜಡ್ಡು?"

ಇಂಜೆಕ್ಷನ್ ನಿಲ್ಲಿಸಿದ. ಮಗಳಿಗೂ ಬಾಯಿ ಬಿಡಬೇಡ ಎಂದ. ನೋವಿಲ್ಲದ ಕಡೆ ರೋಗವಿಲ್ಲವೇ? ಹೇಳಿ, ತಾಯಂದಿರೇ.

ಮದುವೆಯಾಯಿತು. ಗಂಡನ ಮನೆಯಲ್ಲಿ ಎರಡು ಸಲ ಜ್ವರ ಬಂತು, ಅಂಗಡಿಯ ಗುಳಿಗೆ ನುಂಗಿದಳು. ಬಸುರಿಯಾಗಿ ಆರು ತಿಂಗಳಿಗೆ ಮಲಗಿದರೆ ಉಸಿರು ಕಟ್ಟುತ್ತಿತ್ತು. "ಮೊದಲನೇ ಬಸುರು, ಹಂಗ ಇರತೈತಿ" ಎಂದಳು ಅತ್ತೆ. ತುಟಿ ನೀಲಿಗಟ್ಟಿದ ದಿನ ದೊಡ್ಡಾಸ್ಪತ್ರೆಗೆ ತಂದರು.

"ಸಣ್ಣಾಕಿದ್ದಾಗ ಕೀಲು ಬಾತಿದ್ದವೇನು? ಇಂಜೆಕ್ಷನ್ ಕೊಡಿಸ್ತಿದ್ರೇನು?" ಅಲ್ಲಿನ ಡಾಕ್ಟರು ಕೇಳಿದರು.

"ಇಲ್ರಿ" ಎಂದ ಗಂಡ. ಪಾಪ, ಅವನಿಗೆ ಗೊತ್ತಿದ್ದರೆ ತಾನೇ? ಸುದ್ದಿ ಕೇಳಿ ಓಡಿಬಂದ ಮುರಿಗೆಪ್ಪ ಅಲ್ಲೇ ನಿಂತಿದ್ದ. ಬಾಯಿ ಬಿಟ್ಟನೇ? ಇಲ್ಲ. ಬೀಗರು ಪಕ್ಕದಲ್ಲಿದ್ದರು ನೋಡಿ!

ಮಗಳೇ ಏದುಸಿರಿನಲ್ಲಿ ಅಂದಳು: "ಕೊಡಿಸ್ತಿದ್ರು... ಅಪ್ಪಾರು ಬಿಡಿಸಿದ್ರು."

ಮೂರನೆಯ ದಿನ ಹೋದಳು. ಹೊಟ್ಟೆಯ ಕೂಸೂ ಅವಳ ಜೊತೆಯೇ ಹೋಯಿತು.

ಅಳಿಯ ಕೂಗಾಡಲಿಲ್ಲ. ಮಣ್ಣು ಕೊಟ್ಟು ಹೊರಟಾಗ ಒಂದೇ ಕೇಳಿದ: "ಮಾವಾರ, ನನಗ ಹೇಳಿದ್ರ ನಾನು ಬ್ಯಾಡ ಅಂತಿದ್ನೇನು? ಇಂಜೆಕ್ಷನ್ ನಾನೇ ಕೊಡಿಸ್ತಿದ್ದೆ."



ಮುರಿಗೆಪ್ಪನ ಮೇಲೆ ಸಿಟ್ಟು ಬಂತೇ? ಬರಲಿ. ಆದರೆ ಅವನು ಯಾರಿಗೆ ಹೆದರಿದ? ನಮಗೆ. ಹೆಣ್ಣು ನೋಡಲು ಹೋಗಿ, ಜಡ್ಡು ಎಂದ ಕೂಡಲೇ ಚಹಾ ಅರ್ಧಕ್ಕೇ ಬಿಟ್ಟು ಎದ್ದು ಬರುವವರು ನಾವಲ್ಲವೇ? ಇನ್ನು ಮೇಲೆ ಹಾಗೆ ಏಳಬೇಡಿ. ಕೂತು ಕೇಳಿ. ಮಗುವಿಗೆ ಗಂಟಲು ನೋವು, ಜ್ವರ ಬಂದರೆ ಡಾಕ್ಟರಿಗೆ ತೋರಿಸಿ. ನೋವು ಹೋಯಿತೆಂದು ನೀವೇ ಔಷಧಿ ನಿಲ್ಲಿಸಬೇಡಿ. ಸೊಸೆ ಉಸಿರು ಸಾಲದು ಎಂದರೆ ಬಸುರಿನಲ್ಲಿ ಹಾಗೇ ಇರುತ್ತದೆ ಎನ್ನಬೇಡಿ. ಮಗಳಿಗೆ ಏನಿದೆಯೋ ಅದನ್ನು ಬೀಗರ ಮುಂದೆ ಇದ್ದ ಹಾಗೆ ಹೇಳಿ. ಸಂಬಂಧ ತಪ್ಪುತ್ತದೆಯೇ? ತಪ್ಪಲಿ. ಮಗಳು ಮನೆಯಲ್ಲಿ ಉಸಿರಾಡಿಕೊಂಡು ಇರುತ್ತಾಳೆ.